ಹೆಸರು ಸಿಗದ ಹಿರಿಯರಿಗೆ ಎಡೆ

ಪಿತೃಪಕ್ಷದ ತರ್ಪಣಕ್ಕೆ ಕೂತವರನ್ನು ಪುರೋಹಿತರು ಮೊದಲು ಕೇಳುವುದು ಗೋತ್ರ, ಆಮೇಲೆ ಮೂರು ಹೆಸರು: ತಂದೆ, ತಾತ, ಮುತ್ತಾತ. ವಸು, ರುದ್ರ, ಆದಿತ್ಯ ರೂಪದಲ್ಲಿರುವ ಆ ಮೂವರಿಗೂ ಎಳ್ಳುನೀರು ಸಲ್ಲಬೇಕು. ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ರೈಲುದಾರಿಯ ಎರಡೂ ಬದಿಗೆ ಬದುಕುವ ಅನೇಕ ಮನೆತನಗಳಲ್ಲಿ ಈ ಪ್ರಶ್ನೆ ಮೂರನೆಯ ಹೆಸರಿಗೆ ಬಂದು ತಡೆಯುತ್ತದೆ. ತಾತ ಕೋಲಾರದ ಚಿನ್ನದ ಗಣಿಯಲ್ಲಿದ್ದರು, ಅಷ್ಟು ಗೊತ್ತು. ತಾತನ ಅಪ್ಪ ಆರ್ಕಾಟಿನ ಕಡೆಯವರು, ಕೂಲಿಗೆ ಜನರನ್ನು ಕರೆತರುವ ಮೇಸ್ತ್ರಿಯ ಹಿಂದೆ ನಡೆದು ಬಂದವರು ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಈಗ ಆ ಹೆಸರನ್ನು ಹುಡುಕುವ ಹಂಬಲ ಹೊಸ ತಲೆಮಾರಿಗೆ ಬಂದಿದೆ. ಜನಗಣತಿಯ ವರದಿ, ಚರ್ಚಿನ ಜ್ಞಾನಸ್ನಾನದ ಪುಸ್ತಕ, ಸ್ಮಶಾನದ ಕಲ್ಲು, ಎಲ್ಲವನ್ನೂ ತಡಕುವವರಿದ್ದಾರೆ. ಇದನ್ನು ಬರಿಯ ಕುತೂಹಲ ಎಂದು ತಳ್ಳಿಹಾಕಲಾಗದು. ದಾಖಲೆಯಲ್ಲಿ ಸಿಗದ ಹಿರಿಯರಿಗೆ ನಾವು ಸಲ್ಲಿಸಬೇಕಾದದ್ದು ಏನು ಎಂಬ ಧರ್ಮದ ಪ್ರಶ್ನೆ ಅದರೊಳಗಿದೆ. ಹುಡುಕುವುದು ನಮ್ಮ ಕರ್ತವ್ಯ ಎಂದೇ ನಾನು ನಂಬುತ್ತೇನೆ. ಆದರೆ ಹೆಸರು ಸಿಗದ ಜಾಗವನ್ನು ಊಹೆಯಿಂದ ತುಂಬದೆ ಖಾಲಿಯಾಗಿ ಕಾಪಾಡಿಕೊಳ್ಳುವುದೂ ಅಷ್ಟೇ ದೊಡ್ಡ ಕರ್ತವ್ಯ. ಆ ಖಾಲಿತನಕ್ಕೆ ಕಾರಣಗಳಿವೆ, ಅವುಗಳಲ್ಲಿ ಕೆಲವು ಸ್ವತಃ ಆ ಹಿರಿಯರೇ ಮಾಡಿಕೊಂಡ ಆಯ್ಕೆಗಳು.

ಜನಗಣತಿಯಿಂದಲೇ ಶುರುಮಾಡೋಣ. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ ಎಣಿಸಿದಾಗ ಇದ್ದವರು 50,55,412 ಜನ. ಹತ್ತು ವರ್ಷದ ಮೇಲೆ, 1881ರಲ್ಲಿ, 41,86,188. ನಡುವೆ ಬಂದುಹೋದದ್ದು ನಮ್ಮ ಹಿರಿಯರು ಧಾತು-ಈಶ್ವರದ ಬರ ಎಂದು ಕರೆಯುತ್ತಿದ್ದ 1876ರಿಂದ 1878ರವರೆಗಿನ ಮಹಾಕ್ಷಾಮ. ಎರಡು ಅಂಕಿಗಳ ನಡುವಿನ 8,69,224 ಎಂಬ ವ್ಯತ್ಯಾಸದಲ್ಲಿ ಹಸಿದು ಸತ್ತವರಿದ್ದಾರೆ, ಊರು ಬಿಟ್ಟು ಹೋದವರಿದ್ದಾರೆ, ಹುಟ್ಟಬೇಕಿದ್ದು ಹುಟ್ಟದೇ ಹೋದ ಮಕ್ಕಳಿದ್ದಾರೆ. ಅವರ ಬಗ್ಗೆ ಸರ್ಕಾರದ ಕಾಗದ ನಮಗೆ ಉಳಿಸಿರುವುದು ಒಂದು ಕಳೆಯುವ ಲೆಕ್ಕವನ್ನು ಮಾತ್ರ. ಗಡಿಯಾಚೆಯ ಉತ್ತರ ಆರ್ಕಾಟು, ಸೇಲಂ ಜಿಲ್ಲೆಗಳನ್ನೂ ಅದೇ ಬರ ಸುಟ್ಟಿತ್ತು. ಗಣಿ ತೋಡುವ ಪರವಾನಗಿಯನ್ನು ಲ್ಯಾವೆಲ್ ಎಂಬ ಐರಿಷ್ ಸೈನಿಕ ಕೋರಿದ್ದು 1873ರಲ್ಲಿ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯ ಕೈಯಲ್ಲಿ ಚಿನ್ನ ನಿಜವಾಗಿ ಸಿಗತೊಡಗಿದಾಗ ಗಣಿಗೆ ಇಳಿಯಲು ಕೈಗಳು ಬೇಕಾದವು. ಬರದಿಂದ ಉಳಿದ ಜನ, ಅವರ ಮಕ್ಕಳು, ಆ ಕೈಗಳಾದರು. 1891ರಲ್ಲಿ ಏಳು ಸಾವಿರದ ಆಸುಪಾಸಿನಲ್ಲಿದ್ದ ಗಣಿಯೂರಿನ ಜನಸಂಖ್ಯೆ 1901ರ ಹೊತ್ತಿಗೆ 38,204 ಆಯಿತು. ಇವರಲ್ಲಿ ಒಬ್ಬೊಬ್ಬರ ಮನೆಬಾಗಿಲಿಗೂ ಎಣಿಕೆದಾರ ಹೋಗಿದ್ದ, ಹೆಸರು ಕೇಳಿದ್ದ. ಆಮೇಲೆ ಕಚೇರಿಯಲ್ಲಿ ಆ ವಿವರಗಳನ್ನು ಸಣ್ಣ ಚೀಟಿಗಳಿಗೆ ಇಳಿಸಿದರು. ಧರ್ಮಕ್ಕೊಂದು ಬಣ್ಣದ ಚೀಟಿ, ಗಂಡೋ ಹೆಣ್ಣೋ ಎಂಬುದಕ್ಕೆ ಒಂದು ಗುರುತು. ಚೀಟಿ ಎಣಿಸುವವನಿಗೆ ಹೆಸರು ಬೇಕಿರಲಿಲ್ಲ, ಹೆಸರಿದ್ದ ಮೂಲ ಪುಸ್ತಕಗಳನ್ನು ಆಮೇಲೆ ಉಳಿಸಲೂ ಇಲ್ಲ. ಹೀಗೆ ಮನುಷ್ಯನ ದೇವರು ಕಾಗದದ ಬಣ್ಣವಾಗಿ ಉಳಿದು ಅವನ ಹೆಸರು ಹೋಯಿತು. ಇಂಗ್ಲೆಂಡಿನಲ್ಲಿ ಹಾಗಾಗಲಿಲ್ಲ. ಅಲ್ಲಿ 1841ರಿಂದ ಮನೆಮನೆಯ ಹೆಸರುಪಟ್ಟಿ ಇದೆ, ನೂರು ವರ್ಷ ತುಂಬಿದ ಮೇಲೆ ಅದನ್ನು ತೆರೆಯುತ್ತಾರೆ, 1921ರ ಪಟ್ಟಿ 2022ರಲ್ಲಿ ಜನರ ಕೈಗೆ ಸಿಕ್ಕಿತು. ಕಾರ್ನ್‌ವಾಲ್‌ನಿಂದ ಚಾಂಪಿಯನ್ ರೀಫ್ಸ್‌ ಗಣಿಗೆ ಬಂದ ಗಣಿಗಾರನ ಮೊಮ್ಮಗಳು ಮುತ್ತಜ್ಜನ ಮನೆಯಲ್ಲಿ ಯಾರ್‍ಯಾರಿದ್ದರು, ಯಾರಿಗೆ ಎಷ್ಟು ವಯಸ್ಸು ಎಂಬುದನ್ನು ಓದಬಲ್ಲಳು. ಅದೇ ಸುರಂಗದಲ್ಲಿ ಅವನ ಪಕ್ಕದಲ್ಲೇ ಬಂಡೆ ಕೊರೆದವನ ಮೊಮ್ಮಗಳಿಗೆ ಸಿಗುವುದು 38,204 ಎಂಬ ಅಂಕಿ. ನಮ್ಮ 1948ರ ಜನಗಣತಿ ಕಾಯಿದೆಯೂ ವ್ಯಕ್ತಿಯ ವಿವರಗಳನ್ನು ಯಾರಿಗೂ ತೋರಿಸಕೂಡದು ಎನ್ನುತ್ತದೆ. ಬದುಕಿರುವವರ ಗುಟ್ಟು ಕಾಯುವ ಆ ನಿಯಮವನ್ನು ನಾನು ಒಪ್ಪುತ್ತೇನೆ. ಆದರೆ ಗುಟ್ಟು ಕಾಯುವುದು ಬೇರೆ, ಹೆಸರು ಕಳೆಯುವುದು ಬೇರೆ.

ಚರ್ಚಿನ ಪುಸ್ತಕ ಹೆಸರನ್ನು ಉಳಿಸಿತು. ಅದಕ್ಕೂ ಒಂದು ಕಾರಣವಿದೆ. 1563ರಲ್ಲಿ ಟ್ರೆಂಟ್ ಮಹಾಸಭೆ ಪ್ರತಿ ಧರ್ಮಕೇಂದ್ರವೂ ಮದುವೆ ಮತ್ತು ಜ್ಞಾನಸ್ನಾನದ ಪುಸ್ತಕ ಇಡಬೇಕೆಂದು ವಿಧಿಸಿದ್ದು ಮುಂದಿನವರು ವಂಶವೃಕ್ಷ ಬರೆಯಲಿ ಎಂದಲ್ಲ. ಗುಟ್ಟಾಗಿ ನಡೆದ ಮದುವೆಗಳನ್ನು ತಡೆಯಬೇಕಿತ್ತು. ಮಗುವಿನ ಜ್ಞಾನಸ್ನಾನಕ್ಕೆ ಜೊತೆ ನಿಂತವರಿಗೂ ಆ ಮಗುವಿಗೂ ಆತ್ಮಸಂಬಂಧ ಏರ್ಪಡುತ್ತದೆ, ಅಂಥವರು ಮುಂದೆ ತಮ್ಮೊಳಗೆ ಮದುವೆಯಾಗಬಾರದು ಎಂಬ ನಿಯಮವಿತ್ತು. ಸಂಸ್ಕಾರದ ಶುದ್ಧಿಗಾಗಿ ಹುಟ್ಟಿದ ಈ ಪುಸ್ತಕವನ್ನು ಗಣಿಯ ಕಾಲದ ಮೈಸೂರು ಸೀಮೆಯಲ್ಲಿ ಬರೆದಿಟ್ಟವರು ಪ್ಯಾರಿಸಿನ ವಿದೇಶ ಮಿಷನ್ ಸಂಸ್ಥೆಯ ಪಾದ್ರಿಗಳು. ಲ್ಯಾಟಿನ್ ಸಾಲುಗಳ ನಡುವೆ ತಮಿಳು ಹೆಸರುಗಳು ಫ್ರೆಂಚ್ ಕಿವಿಗೆ ಕೇಳಿಸಿದ ಹಾಗೆ ಕೂತವು. ಆಂಗ್ಲಿಕನ್ ಚರ್ಚಿನ ಪುಸ್ತಕಗಳದ್ದು ಇನ್ನೊಂದು ಕಥೆ. ಅವುಗಳ ಪ್ರತಿ ಮದರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿತ್ತು, ಇಂದಿಗೂ ಬ್ರಿಟಿಷ್ ಲೈಬ್ರರಿಯಲ್ಲಿ ಕ್ಷೇಮವಾಗಿದೆ, ಆದರೆ ಅದರಲ್ಲಿ ಹೆಚ್ಚಿನವರು ಯುರೋಪಿಯನ್ನರು ಮತ್ತು ಆಂಗ್ಲೋ ಇಂಡಿಯನ್ನರು. ಕ್ರೈಸ್ತರಾದ ಕೂಲಿಕಾರರ ವಿಷಯದಲ್ಲಿ ಪುಸ್ತಕ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತದೆ. ದೊಡ್ಡವನಾದ ಮೇಲೆ ಜ್ಞಾನಸ್ನಾನ ಪಡೆದವನಿಗೆ ಹೊಸ ಹೆಸರು ಬರುತ್ತದೆ: ಅಂತೋಣಿ, ಆರೋಗ್ಯಸಾಮಿ, ಸೂಸೈ. ನಂಬುವವರಿಗೆ ಅದು ಎರಡನೆಯ ಹುಟ್ಟು. ಹುಡುಕುವವರ ಪಾಲಿಗೆ ಅದೇ ಸಾಲಿನಲ್ಲಿ ಹಳೆಯ ದಾರಿ ಕಡಿದುಹೋಗುತ್ತದೆ. ಮನೆತನದ ಹೆಸರು ಇಟ್ಟುಕೊಳ್ಳುವ ರೂಢಿ ಈ ಜನರಲ್ಲಿಲ್ಲ, ಅಪ್ಪನ ಹೆಸರೇ ಇನಿಶಿಯಲ್. ಹೀಗಾಗಿ ಕೂಲಿಕಾರರ ಸಾಲುಮನೆಗಳ ಒಂದೇ ಲೈನಿನಲ್ಲಿ, ಒಂದೇ ಕಾಲಕ್ಕೆ, ಮೂರು ಮಂದಿ ಆರೋಗ್ಯಸಾಮಿಗಳಿದ್ದರೆ ನಮ್ಮವರು ಯಾರೆಂದು ಪುಸ್ತಕ ಹೇಳಲಾರದು.

ಇದರಿಂದ ತಿಳಿಯುವುದು ಇಷ್ಟು: ಪ್ರತಿ ದಾಖಲೆಯೂ ಅದನ್ನು ಬರೆದವನ ಪ್ರಶ್ನೆಗೆ ಉತ್ತರ ಕೊಡುತ್ತದೆ, ನಮ್ಮ ಪ್ರಶ್ನೆಗಲ್ಲ. ನಮ್ಮ ನಾಡಿನ ಹೆಳವರನ್ನೇ ನೋಡಿ. ಎತ್ತಿನ ಮೇಲೆ ಕೂತು ಊರೂರು ತಿರುಗಿ, ಮನೆಯ ಮುಂದೆ ನಿಂತು ಆ ಮನೆತನದ ಹಿರಿಯರನ್ನು ತಲೆತಲಾಂತರದಿಂದ ಹೊಗಳಿ ಹೇಳಿ, ಕಾಳುಕಡ್ಡಿ ಪಡೆದು ಹೋಗುವ ಅವರ ಸ್ಮರಣೆ ನಿಜಕ್ಕೂ ಅದ್ಭುತ. ಆದರೆ ಒಕ್ಕಲು ಮನೆತನಗಳಿಗೆ ಹೆಳವರಿದ್ದಾರೆ. ಹೊಲ, ಕಣ, ಕೊಡಲು ರಾಗಿ ಇರುವ ಬಾಗಿಲು ಅವರದು. ತಟ್ಟಿಗೋಡೆಯ ಕೂಲಿ ಲೈನಿಗೆ ಯಾವ ಹೆಳವನೂ ಎತ್ತು ಹತ್ತಿ ಬರಲಿಲ್ಲ. ಆದ್ದರಿಂದ ದಾಖಲೆಯಲ್ಲಿ ಇಲ್ಲ ಎಂಬುದು ಆ ಮನುಷ್ಯನ ಬಗ್ಗೆ ನಮಗೆ ಏನನ್ನೂ ಹೇಳುವುದಿಲ್ಲ, ಅವನ ಹೆಸರು ಯಾರಿಗೂ ಬೇಕಿರಲಿಲ್ಲ ಎಂಬುದನ್ನು ಮಾತ್ರ ಹೇಳುತ್ತದೆ.

ಬೇಕಿರಲಿಲ್ಲ ಎಂದರೂ ಪೂರ್ತಿ ಸರಿಯಾಗಲಿಲ್ಲ. ಕೆಲವೊಮ್ಮೆ ಬರೆಯುವವರಿಗೆ ಬೇಕಿತ್ತು, ಬರೆಸಿಕೊಳ್ಳಬೇಕಾದವರು ಒಪ್ಪಲಿಲ್ಲ. ನನಗೆ ಈ ಇಡೀ ವಿಷಯದ ತಿರುಳು ಕಾಣುವುದು ಇಲ್ಲಿಯೇ. ಅಯೋತಿದಾಸ ಪಂಡಿತರು 1898ರಲ್ಲಿ ಮದರಾಸಿನಲ್ಲಿ ಕಟ್ಟಿದ ಶಾಕ್ಯ ಬೌದ್ಧ ಸಂಘಕ್ಕೆ ಮಾರಿಕುಪ್ಪಂನಲ್ಲಿ ಗಟ್ಟಿಯಾದ ಶಾಖೆಯಿತ್ತು. ಅಸ್ಪೃಶ್ಯರೆಂದು ಕರೆಸಿಕೊಂಡವರು ಮೂಲದಲ್ಲಿ ಬೌದ್ಧರು, ಜಾತಿ ಅವರ ಮೇಲೆ ಆಮೇಲೆ ಹೇರಿದ್ದು ಎಂದು ಅವರು ವಾದಿಸಿದರು. ಜನಗಣತಿಯವರು ಬಂದಾಗ ಹಿಂದೂ ಎಂದು ಬರೆಸಬೇಡಿ ಎಂದು ತಮ್ಮ ಜನಕ್ಕೆ ಹೇಳಿದರು. ಅವರು 1914ರಲ್ಲಿ ತೀರಿಕೊಂಡ ಮೇಲೆ ಅವರ ಬರಹಗಳನ್ನು ಅಚ್ಚುಹಾಕಿ ಉಳಿಸಿದ್ದು ಇದೇ ಗಣಿಯೂರಿನ ಸಿದ್ಧಾರ್ಥ ಪುಸ್ತಕಶಾಲೆ. ಹಾಗಾದರೆ 1911ರ ವರದಿಯಲ್ಲಿ ಒಂದು ಧರ್ಮದ ಕಲಮಿನಲ್ಲಿ ಬಿದ್ದ ಒಬ್ಬ ಕೂಲಿಕಾರ ತಾನು ಹೇಳಿದ್ದಕ್ಕೆ ಅಲ್ಲಿ ಬಿದ್ದನೋ, ಎಣಿಕೆದಾರ ತಿಳಿದುಕೊಂಡದ್ದಕ್ಕೆ ಬಿದ್ದನೋ? ಇನ್ನೊಂದು ಉದಾಹರಣೆ 1930ರದು. ಗಣಿ ಕಂಪನಿಗಳು ಕೆಲಸಗಾರರೆಲ್ಲರ ಬೆರಳಚ್ಚು ತೆಗೆದು ನೋಂದಣಿ ಮಾಡಲು ಹೊರಟವು. ಸಾವಿರಾರು ಜನ ಕೆಲಸ ನಿಲ್ಲಿಸಿದರು, ಮುಷ್ಕರ ಮೂರು ವಾರ ನಡೆಯಿತು. ಅವರ ಕಣ್ಣಿಗೆ ಬೆರಳಚ್ಚು ಕೊಡುವುದು ಕಳ್ಳರ ಪಟ್ಟಿಗೆ ಸೇರಿದಂತೆ. ಒಂದು ಗಣಿಯಲ್ಲಿ ಕೆಲಸ ಹೋದರೆ ಇನ್ನೊಂದರಲ್ಲಿ ಬೇರೆ ಹೆಸರು ಹೇಳಿ ಸೇರುವ ದಾರಿಯೂ ಮುಚ್ಚುತ್ತದೆ. ಇಂದು ವಂಶಾವಳಿ ಹುಡುಕುವವನಿಗೆ ಆ ನೋಂದಣಿಗಿಂತ ದೊಡ್ಡ ನಿಧಿ ಬೇರೆ ಇರಲಾರದು. ಆದರೆ ಅವನ ಮುತ್ತಾತ ಅದೇ ನಿಧಿಯ ವಿರುದ್ಧ ಮೂರು ವಾರ ಕೂಲಿ ಬಿಟ್ಟು ನಿಂತಿರಬಹುದು. ಕೈಗೆ ಸಿಗದಿರುವುದು ಆ ಮನುಷ್ಯ ಬದುಕಿದ ರೀತಿಯೇ ಆಗಿದ್ದರೆ, ಅದನ್ನು ನಾವು ಸರಿಪಡಿಸಬೇಕಾದ ಕೊರತೆ ಎಂದು ಹೇಗೆ ಹೇಳುವುದು?

ಇಲ್ಲಿ ಒಂದು ಹಳೆಯ ಆಕ್ಷೇಪ ಎದುರಾಗುತ್ತದೆ. ನದಿಮೂಲ, ಋಷಿಮೂಲ ಹುಡುಕಬಾರದು ಎನ್ನುತ್ತಾರೆ. ಕುಲ ಕೇಳಬಾರದೆಂದು ಹನ್ನೆರಡನೆಯ ಶತಮಾನದ ಶರಣರು ಸಾರಿದ ನಾಡಿನಲ್ಲಿ ಮೂಲದ ಹುಡುಕಾಟ ಜಾತಿಯ ಹೆಮ್ಮೆಯನ್ನು ಹಿಂಬಾಗಿಲಿಂದ ಒಳಗೆ ಕರೆಯುವುದಿಲ್ಲವೇ? ಕರೆಯುವ ಅಪಾಯ ನಿಜ. ವಂಶಾವಳಿ ಬರೆದವರಲ್ಲಿ ಬಹಳ ಜನ ಒಬ್ಬ ಪಾಳೆಯಗಾರನನ್ನೋ ಋಷಿಯನ್ನೋ ಮುಟ್ಟುವವರೆಗೆ ನಿಲ್ಲುವುದಿಲ್ಲ. ಆದರೆ ಶರಣರು ನಿರಾಕರಿಸಿದ್ದು ಹುಟ್ಟಿನಿಂದ ಮನುಷ್ಯನನ್ನು ಅಳೆಯುವುದನ್ನು. ಸತ್ತವರನ್ನು ನೆನೆಯುವುದನ್ನು ಅವರು ನಿರಾಕರಿಸಿದರು ಎಂದು ನಾನು ಓದುವುದಿಲ್ಲ. ಕುಲದ ಬಲದಿಂದ ಎಲ್ಲ ಪಟ್ಟಿಗಳಲ್ಲೂ ಇದ್ದವರು ಮೂಲ ಹುಡುಕಿದರೆ ಸಿಗುವುದು ಹೆಮ್ಮೆ. ಪಟ್ಟಿಯಿಂದ ಹೊರಗುಳಿದವರು ಹುಡುಕಿದರೆ ಸಿಗುವುದು ಬರ, ಮೇಸ್ತ್ರಿಯ ಸಾಲ, ಬಂಡೆ ಸಿಡಿದು ಸತ್ತವರ ಸುದ್ದಿ. ಎರಡನ್ನೂ ಒಂದೇ ಗಾದೆಯಿಂದ ತೂಗುವುದು ನ್ಯಾಯವಲ್ಲ.

ಇದಕ್ಕಿಂತ ಆಳವಾದ ಆಕ್ಷೇಪ ಭಕ್ತರದು. ದೇವರಿಗೆ ಎಲ್ಲರ ಹೆಸರೂ ಗೊತ್ತು, ಆತ್ಮಕ್ಕೆ ಹೆಸರೇ ಇಲ್ಲ, ಮತ್ತೇಕೆ ಈ ಕಡತಗಳ ಧೂಳು? ಪುರೋಹಿತರನ್ನು ಕರೆಸದ ಮನೆಗಳಲ್ಲಿ ಮಹಾಲಯ ಅಮಾವಾಸ್ಯೆಗೆ ಕಳಶದ ಮುಂದೆ ಎಡೆ ಇಟ್ಟು, ಧೂಪ ಹಾಕಿ, ಹಿರಿಯರೇ ಬನ್ನಿ ಎನ್ನುತ್ತಾರೆ, ಒಬ್ಬರ ಹೆಸರನ್ನೂ ಕೇಳುವುದಿಲ್ಲ. ಶಾಸ್ತ್ರವೂ ಗೋತ್ರ ತಿಳಿಯದವರನ್ನು ಕಾಶ್ಯಪ ಗೋತ್ರಕ್ಕೆ ಸೇರಿಸಿಕೊಳ್ಳುತ್ತದೆ. ಕ್ರೈಸ್ತರು ನವೆಂಬರ್ 2ರಂದು ಸಮಾಧಿಗಳಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುವಾಗ ಪೂಜೆ ನಡೆಯುವುದು ಎಲ್ಲ ಮೃತರಿಗಾಗಿ. ಈ ಮಾತಿನ ಅರ್ಧವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ: ಹೆಸರು ಸಿಗದ ಮಾತ್ರಕ್ಕೆ ಯಾವ ಹಿರಿಯರೂ ಎಡೆಯಿಂದ ವಂಚಿತರಾಗುವುದಿಲ್ಲ, ಆ ಭಯದಿಂದ ಹುಡುಕಬೇಕಾಗಿಲ್ಲ. ಉಳಿದರ್ಧವನ್ನು ಒಪ್ಪಲಾರೆ. ದೇವರು ನೆನಪಿಟ್ಟಿದ್ದಾನೆ ಎಂಬುದು ನಾವು ಮರೆಯಲು ಅಪ್ಪಣೆಯಾಗದು. ಶ್ರದ್ಧೆಯಿಂದ ಮಾಡುವುದು ಶ್ರಾದ್ಧ ಎನ್ನುತ್ತೇವೆ. ಒಬ್ಬ ಮನುಷ್ಯ ಎಲ್ಲಿಂದ ಬಂದ, ಯಾವ ಲೈನಿನಲ್ಲಿದ್ದ, ಯಾರ ಭಯದಿಂದ ಹೆಸರು ಬದಲಿಸಿದ ಎಂದು ತಾಳ್ಮೆಯಿಂದ ವಿಚಾರಿಸುವುದಕ್ಕೂ ಆ ಮಾತು ಸಲ್ಲುತ್ತದೆ. ಹುಡುಕಿದ ಮೇಲೆ ಹೆಸರು ಸಿಗದೇ ಹೋದರೂ ವಿಚಾರಿಸಿದ್ದು ವ್ಯರ್ಥವಲ್ಲ.

ಸಿಕ್ಕ ಹೆಸರಿನ ಮೇಲೆ ನಮಗೆ ಹಕ್ಕೆಷ್ಟು ಎಂಬುದೂ ಯೋಚಿಸಬೇಕಾದದ್ದು. ಜಗತ್ತಿನಲ್ಲಿ ಅತಿ ಹೆಚ್ಚು ಚರ್ಚ್ ದಾಖಲೆಗಳನ್ನು ಕೂಡಿಹಾಕಿದವರು ಅಮೆರಿಕದ ಮಾರ್ಮನ್ನರು. 1938ರಿಂದಲೇ ಅವರು ದೇಶದೇಶದ ಪುಸ್ತಕಗಳನ್ನು ಮೈಕ್ರೋಫಿಲ್ಮಿಗೆ ಇಳಿಸತೊಡಗಿದರು, ನಮ್ಮ ಹರಿದ್ವಾರದ ತೀರ್ಥಪುರೋಹಿತರಾದ ಪಂಡರ ವಂಶಾವಳಿ ವಹಿಗಳನ್ನೂ ಬಿಡಲಿಲ್ಲ. ಸತ್ತ ಪೂರ್ವಜರ ಪರವಾಗಿ ಬದುಕಿರುವವರು ದೀಕ್ಷಾಸ್ನಾನ ಪಡೆಯಬಹುದು ಎಂಬುದು ಅವರ ನಂಬಿಕೆ. ಸತ್ತವರ ಆತ್ಮ ಅದನ್ನು ಒಪ್ಪಬಹುದು, ಬಿಡಬಹುದು ಎಂದೂ ಅವರು ಹೇಳುತ್ತಾರೆ. ಆದರೂ ನಾಜಿಗಳ ಕೈಯಲ್ಲಿ ಸತ್ತ ಯಹೂದಿಗಳಿಗೆ ಹೀಗೆ ಮಾಡಿದ್ದು ತಿಳಿದಾಗ ದೊಡ್ಡ ನೋವಾಯಿತು, 1995ರಲ್ಲಿ ಒಪ್ಪಂದವಾಗಬೇಕಾಯಿತು. 2008ರಲ್ಲಿ ವ್ಯಾಟಿಕನ್ ತನ್ನ ಧರ್ಮಕೇಂದ್ರಗಳ ಪುಸ್ತಕಗಳನ್ನು ಅವರಿಗೆ ಕೊಡಬೇಡಿ ಎಂದಿತು. ಅವರ ಪ್ರೀತಿಯನ್ನು ನಾನು ಸಂಶಯಿಸುವುದಿಲ್ಲ. ಆದರೆ ಬದುಕಿದ್ದಾಗ ತನ್ನ ಧರ್ಮವನ್ನು ತಾನೇ ಆರಿಸಿಕೊಂಡವನಿಗೆ ಸತ್ತ ಮೇಲೆ ಮೊಮ್ಮಕ್ಕಳು ಇನ್ನೊಂದನ್ನು ಆರಿಸಬಾರದು. ಮಾರಿಕುಪ್ಪಂನ ಬೌದ್ಧರನ್ನು ಹಿಂದೂ ಎಂದೋ, ಕ್ರೈಸ್ತರಾದವರನ್ನು ದಾರಿತಪ್ಪಿದವರೆಂದೋ ವಂಶವೃಕ್ಷದಲ್ಲಿ ತಿದ್ದುವುದೂ ಇದೇ ತಪ್ಪು.

ಈ ತಿದ್ದುವಿಕೆ ನಮ್ಮಲ್ಲಿ ಕಾಗದದ ಮೇಲಷ್ಟೇ ಉಳಿಯುವುದಿಲ್ಲ. 1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನಮಾನವನ್ನು ಧರ್ಮಕ್ಕೆ ಕಟ್ಟಿಹಾಕಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ಸಿಕ್ಕಿತು, ಕ್ರೈಸ್ತರಿಗೆ ಸಿಗಲಿಲ್ಲ. ಅಂಥ ಕಾನೂನಿನ ಕೆಳಗೆ ಒಬ್ಬರಿಗೆ ಚರ್ಚಿನ ಪುಸ್ತಕದಲ್ಲಿ ಒಂದು ಹೆಸರು, ಶಾಲೆಯ ಪುಸ್ತಕದಲ್ಲಿ ಇನ್ನೊಂದು ಇದ್ದರೆ ಅದನ್ನು ಸುಳ್ಳೆಂದು ಕರೆಯುವ ಮುನ್ನ ಹಸಿವನ್ನೂ ಕಾನೂನನ್ನೂ ಒಟ್ಟಿಗೆ ನೋಡಬೇಕು. ಹುಡುಕುವವರು ಕಂಡದ್ದನ್ನೆಲ್ಲ ಬಹಿರಂಗ ಮಾಡಲೇಬೇಕೆಂದಿಲ್ಲ. ಬದುಕಿರುವ ನೆಂಟರ ಅನ್ನಕ್ಕೆ ಕುತ್ತು ತರುವ ಸತ್ಯವನ್ನು ಮನೆಯೊಳಗೇ ಇಟ್ಟುಕೊಳ್ಳಬಹುದು. ಆದರೆ ಮನೆಯೊಳಗಿನ ಪುಸ್ತಕದಲ್ಲಿಯೂ ಸುಳ್ಳು ಬರೆಯಬಾರದು. ಮೂವರು ಆರೋಗ್ಯಸಾಮಿಗಳಲ್ಲಿ ಅನುಕೂಲವಾದ ಒಬ್ಬರನ್ನು ಹಿಡಿದು ಮುತ್ತಾತ ಎಂದು ಬರೆದರೆ ಎರಡು ಅನ್ಯಾಯವಾಗುತ್ತವೆ: ಬೇರೆಯವರ ಹಿರಿಯರನ್ನು ಕಸಿದುಕೊಂಡಂತಾಯಿತು, ನಮ್ಮವರನ್ನು ಎರಡನೆಯ ಸಲ ಕಳೆದಂತಾಯಿತು. ಅದರ ಬದಲು ಆ ಜಾಗದಲ್ಲಿ ಗೊತ್ತಿರುವಷ್ಟನ್ನೇ ಬರೆಯಬಹುದು. ಆರ್ಕಾಟಿನ ಕಡೆಯವರು. ಧಾತು-ಈಶ್ವರದ ಬರದ ಮೇಲೆ ಬಂದವರು. ಮಾರಿಕುಪ್ಪಂ ಲೈನಿನಲ್ಲಿದ್ದರು. ಹೆಸರು ಇನ್ನೂ ಸಿಕ್ಕಿಲ್ಲ. ಯಾವ ಚರ್ಚಿನ ಯಾವ ವರ್ಷದ ಪುಸ್ತಕ ನೋಡಿದ್ದಾಯಿತು, ಯಾವುದು ಉಳಿದಿದೆ, ಯಾವ ಮೂರು ಹೆಸರುಗಳ ನಡುವೆ ಅನುಮಾನವಿದೆ ಎಂಬುದನ್ನೂ ಪಕ್ಕದಲ್ಲೇ ಗುರುತು ಮಾಡಿಟ್ಟರೆ, ಮುಂದೆ ಕೂತು ಹುಡುಕುವವರು ಆ ಸಾಲಿನಿಂದ ಮುಂದುವರಿಸಬಹುದು.