33550336ರ ಮೇಲೆ ಕೂತ ಕಾಗೆ

ಗಾಡಿ ನಂಬರು ಕೂಡಿದರೆ ಒಂಬತ್ತೇ ಬರಬೇಕೆಂದು ಫ್ಯಾನ್ಸಿ ನಂಬರ್ ಹರಾಜಿನಲ್ಲಿ ದುಡ್ಡು ಸುರಿಯುವವರನ್ನು ಬಿಡಿ, ದುಡ್ಡು ಅವರದು. ಟಿವಿಯಲ್ಲಿ ಕೂತು ‘ಇದು ಈ ಸಂಖ್ಯೆಯ ಸ್ವಭಾವ’ ಎನ್ನುವವರ ಮಾತನ್ನು ಮಾತ್ರ ಸುಮ್ಮನೆ ಬಿಡಲಾಗದು. ಯಾವುದು ಸ್ವಭಾವ, ಯಾವುದಲ್ಲ ಎಂದು ಬಿಡಿಸಿ ಹೇಳಲು ನಮ್ಮ ವೇದಾಂತಿಗಳ ಬಳಿ ಒಳ್ಳೆಯ ಜೋಡಿಯಿದೆ: ಸ್ವರೂಪಲಕ್ಷಣ ಮತ್ತು ತಟಸ್ಥಲಕ್ಷಣ. ದೇವದತ್ತನ ಮನೆ ಯಾವುದು ಎಂದು ಕೇಳಿದರೆ ‘ಅಗೋ, ಕಾಗೆ ಕೂತಿದೆಯಲ್ಲ, ಅದೇ’ ಎನ್ನುತ್ತೇವೆ. ಗುರುತೇನೋ ಸರಿ, ಆದರೆ ಕಾಗೆ ಮನೆಯ ಭಾಗವಲ್ಲ.

33550336 ತೆಗೆದುಕೊಳ್ಳಿ. ತನ್ನನ್ನು ಬಿಟ್ಟು ಉಳಿದ ಅಪವರ್ತನಗಳನ್ನೆಲ್ಲ ಕೂಡಿದರೆ ಅದೇ ಸಂಖ್ಯೆ ಬರುತ್ತದೆ. 6, 28, 496, 8128 ಆದ ಮೇಲೆ ಸಿಗುವ ಐದನೆಯ ಪರಿಪೂರ್ಣ ಸಂಖ್ಯೆ ಇದು. 4096 ಮತ್ತು 8191ರ ಗುಣಲಬ್ಧ. ಇಷ್ಟು ಮನೆ. ಇನ್ನು ಅಂಕಿಗಳನ್ನು ಕೂಡಿ: 28. ಅದೂ ಪರಿಪೂರ್ಣವೇ! ಸಂಖ್ಯಾಜ್ಯೋತಿಷಿಗೆ ಅರ್ಧ ಗಂಟೆಯ ಕಾರ್ಯಕ್ರಮಕ್ಕೆ ಇದೊಂದೇ ಸಾಕು. ಆದರೆ ಇದನ್ನೇ ಎಂಟರ ಪದ್ಧತಿಯಲ್ಲಿ ಬರೆದರೆ 177770000, ಮೊತ್ತ 29. ದ್ವಿಮಾನ ಪದ್ಧತಿಯಲ್ಲಿ ಹದಿಮೂರು ಒಂದುಗಳು, ಹನ್ನೆರಡು ಸೊನ್ನೆಗಳು, ಮೊತ್ತ 13. ಕಾಗೆ ಹಾರಿಹೋಯಿತು.

ಇಲ್ಲಿ ಅವಸರ ಮಾಡಬಾರದು. 28ರ ಅಂಕಿ ಕೂಡಿದರೆ 10, ಅದನ್ನೂ ಕೂಡಿದರೆ 1. ಇದೂ ಕಾಗೆಯೇ? ಅಲ್ಲ. 33550336 ಹುಣಸೆಬೀಜಗಳನ್ನು ಒಂಬತ್ತೊಂಬತ್ತರಂತೆ ಗುಡ್ಡೆ ಹಾಕುತ್ತ ಹೋದರೆ ಕೊನೆಗೆ ಒಂದು ಬೀಜ ಉಳಿಯುತ್ತದೆ. ಯಾವ ಪದ್ಧತಿಯಲ್ಲಿ ಬರೆದರೂ, ಬರೆಯದೇ ಹೋದರೂ. 6ನ್ನು ಬಿಟ್ಟರೆ ಸಮ ಪರಿಪೂರ್ಣ ಸಂಖ್ಯೆಗಳೆಲ್ಲ ಹೀಗೇ. 10ನ್ನು 9ರಿಂದ ಭಾಗಿಸಿದಾಗ 1 ಉಳಿಯುವುದರಿಂದ ಅಂಕಿ ಕೂಡುವ ಆಟ ಆ ಶೇಷವನ್ನು ನಮಗೆ ತೋರಿಸಿಕೊಡುತ್ತದೆ. ಒಂದೇ ಲೆಕ್ಕದಲ್ಲಿ 28 ತಟಸ್ಥ, ಉಳಿದ ಒಂದು ಸ್ವರೂಪ. ನಂಬರು ಕೂಡುವವರಿಗೆ ಈ ವ್ಯತ್ಯಾಸ ಬೇಕಾಗಿಯೇ ಇಲ್ಲ.

ಕ್ರಿ.ಶ. 100ರ ಆಸುಪಾಸಿನ ಗ್ರೀಕ್ ಲೇಖಕ ನಿಕೋಮಾಕಸ್ ಇವರಿಗೆಲ್ಲ ಹಿರಿಯಣ್ಣ. ಸಂಖ್ಯೆಗಳನ್ನು ಪರಿಪೂರ್ಣ, ಅಧಿಕ, ನ್ಯೂನ ಎಂದು ವಿಂಗಡಿಸಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಪರಿಪೂರ್ಣಕ್ಕೆ ಸದ್ಗುಣದ ಪಟ್ಟ ಕಟ್ಟಿ, ಉಳಿದವನ್ನು ಅಂಗ ಹೆಚ್ಚಾದ, ಅಂಗ ಕುಂದಿದ ಪ್ರಾಣಿಗಳ ಸಾಲಿಗೆ ತಳ್ಳಿದ. ಬಿಡಿಯಲ್ಲೊಂದು, ಹತ್ತರಲ್ಲೊಂದು, ನೂರರಲ್ಲೊಂದು, ಸಾವಿರದಲ್ಲೊಂದು ಸಿಕ್ಕಿದ್ದೇ ತಡ, ಮುಂದೆಯೂ ಅದೇ ನಿಯಮ ಎಂದುಬಿಟ್ಟ. ಐದು, ಆರು, ಏಳು ಅಂಕಿಗಳಲ್ಲಿ ಒಂದೂ ಇಲ್ಲ. ಕೊನೆಯಂಕಿ 6, 8 ಸರದಿಯಂತೆ ಬರುತ್ತದೆಂಬ ಅವನ ಮಾತೂ ನಿಲ್ಲಲಿಲ್ಲ. ಐದನೆಯದರ ಹಾಗೆ ಆರನೆಯದೂ, ಅಂದರೆ 8589869056, ಮುಗಿಯುವುದು 6ರಲ್ಲೇ.

ಅವನಿಗಿಂತ ನಾನೂರು ವರ್ಷ ಹಿಂದೆಯೇ ಯೂಕ್ಲಿಡ್ ಅಂಕಿಗಳ ಗೊಡವೆಗೇ ಹೋಗದೆ ದಾರಿ ಹೇಳಿದ್ದ: ಒಂದು, ಎರಡು, ನಾಲ್ಕು ಎಂದು ಇಮ್ಮಡಿಸುತ್ತ ಕೂಡಿ; ಮೊತ್ತ ಅವಿಭಾಜ್ಯವಾದಾಗ ಅದನ್ನು ಕೊನೆಯ ಸಂಖ್ಯೆಯಿಂದ ಗುಣಿಸಿ. 4096ರವರೆಗೆ ಕೂಡಿದರೆ 8191. ನಿಕೋಮಾಕಸನಿಗೂ ಈ ದಾರಿ ಗೊತ್ತಿತ್ತು, ಪುಸ್ತಕದಲ್ಲಿ ವಿವರಿಸಿಯೂ ಇದ್ದಾನೆ. ಪಟ್ಟಿ ಮಾತ್ರ 8128ಕ್ಕೇ ನಿಂತಿತು.