ಪ್ರತಿರೂಪವೂ ಪ್ರತಿರೂಪಕ ವ್ಯವಹಾರವೂ

ಮೈಸೂರಿನಿಂದ ಹೆಗ್ಗಡದೇವನಕೋಟೆಗೆ ಹೋಗುವ ಹಾದಿಯಲ್ಲಿ ಹಂಪಾಪುರವನ್ನು ದಾಟಿ ಮುಂದುವರಿದಂತೆ ಕಾಕನಕೋಟೆಯ ಕಾಡಿನ ಸೀಮೆ ಸಮೀಪಿಸುತ್ತದೆ. ತೇಗ, ಬೀಟೆಗಳಿಗೆ ಹೆಸರಾದ ಸೀಮೆಯದು. ಬೀಟೆ ಎಂದೊಡನೆ ಮೈಸೂರಿನ ಕೆತ್ತುಗಾರರ ಕುಸುರಿ ಕೆಲಸ ನೆನಪಾಗುವುದು ಸಹಜ. ಆದರೆ ದಕ್ಷಿಣ ಭಾರತದ ಈ ಮರಕ್ಕೆ ಅಮೆರಿಕದ ಗಿಟಾರ್ ತಯಾರಕರಲ್ಲಿಯೂ ಬಹುಕಾಲದಿಂದ ಮನ್ನಣೆಯಿದೆ. ಬ್ರೆಜಿಲ್ ದೇಶದ ಬೀಟೆ ದುರ್ಲಭವಾಗುತ್ತ ಬಂದಾಗ ಮಾರ್ಟಿನ್ ಸಂಸ್ಥೆಯು 1969ರಲ್ಲಿ ಭಾರತದ ಬೀಟೆಯನ್ನು ಆಶ್ರಯಿಸಿತು. 1992ರಲ್ಲಿ ಬ್ರೆಜಿಲ್ ಬೀಟೆಯ ಅಂತರರಾಷ್ಟ್ರೀಯ ವಾಣಿಜ್ಯವೇ ನಿಷಿದ್ಧವಾಯಿತು. ಒಂದು ಮರದ ಸ್ಥಾನದಲ್ಲಿ ಇನ್ನೊಂದು ಬಂದಿತು. ಬಂದದ್ದನ್ನು ಅದರ ಹೆಸರಿನಿಂದಲೇ ಕರೆದುದರಿಂದ ಅದು ಮೋಸವೆನಿಸಲಿಲ್ಲ.

ಅದೇ ದೇಶದ ಗಿಬ್ಸನ್ ಸಂಸ್ಥೆಯು 1958ರಿಂದ 1960ರವರೆಗೆ ತಯಾರಿಸಿದ ಸಂಜೆಗೆಂಪಿನ ಬಣ್ಣದ ಲೆಸ್ ಪಾಲ್ ವಿದ್ಯುತ್ ಗಿಟಾರ್‌ಗಳಿಗೆ ಇಂದು ಲಕ್ಷಾಂತರ ಡಾಲರ್ ಬೆಲೆ. ಅಷ್ಟು ಹಣವಿಲ್ಲದವರಿಗಾಗಿ ಪ್ರತಿರೂಪಗಳನ್ನು ನಿರ್ಮಿಸುವ ಕುಶಲಿಗಳಿದ್ದಾರೆ. ಅವರ ಕೆಲಸವನ್ನು ಹಗುರವಾಗಿ ಕಾಣುವಂತಿಲ್ಲ. ಒಡಲಿಗೆ ತೂಕ ನೋಡಿ ಆರಿಸಿದ ಹಳೆಯ ಮಹಾಗನಿ, ಅದರ ಮೇಲೆ ಮೇಪಲ್ ಹಲಗೆ, ಬೆರಳಾಡುವ ಪಟ್ಟಿಗೆ ಬೀಟೆ. ನಾದವನ್ನು ಹಿಡಿಯುವ ಸುರುಳಿಗಳಿಗೆ ಅಂದಿನ ದಪ್ಪದ್ದೇ ತಂತಿ. ವರ್ಷಗಳು ಕಳೆದಂತೆ ಬಿರುಕು ಬಿಡುವ ಅದೇ ಬಗೆಯ ಮೆರುಗೆಣ್ಣೆ. ಮೂಲದಲ್ಲಿತ್ತೆಂಬ ಕಾರಣಕ್ಕೆ ಪ್ರಾಣಿಗಳ ಚರ್ಮವನ್ನು ಕುದಿಸಿ ತೆಗೆದ ಅಂಟನ್ನೇ ಬಳಸುವವರೂ ಉಂಟು. ನಿಷ್ಠೆಯ ಹೆಸರಿನಲ್ಲಿ ಹಿಂಸೆಯನ್ನೂ ನಕಲು ಮಾಡಬೇಕೆ ಎಂದು ಶ್ರಾವಕನು ಇಲ್ಲಿ ಕ್ಷಣಕಾಲ ನಿಂತಾನು. ಮೈಸೂರಿನ ಕುಸುರಿಗಾರರು ದಂತ ನಿಷಿದ್ಧವಾದ ಮೇಲೆ ಅದರ ಜಾಗದಲ್ಲಿ ಪ್ಲಾಸ್ಟಿಕ್ಕನ್ನು ಕೂಡಿಸಿದರು. ಆ ಅನುಕರಣೆ ಮೂಲಕ್ಕಿಂತ ನಿರ್ದೋಷವಾದುದು.

ಹಾಗಾದರೆ ಇಂತಹ ಪ್ರತಿರೂಪದ ಬೆಲೆ ಎಲ್ಲಿದೆ? ಗನ್ಸ್ ಎನ್ ರೋಸಸ್ ತಂಡದ ವಾದಕ ಸ್ಲ್ಯಾಶ್ 1987ರಲ್ಲಿ ಹೊರಬಂದ ‘ಅಪೆಟೈಟ್ ಫಾರ್ ಡಿಸ್ಟ್ರಕ್ಷನ್’ ಧ್ವನಿಮುದ್ರಿಕೆಯಲ್ಲಿ ನುಡಿಸಿದ್ದು ಕ್ರಿಸ್ ಡೆರಿಗ್ ಎಂಬ ಕುಶಲಿ ನಿರ್ಮಿಸಿದ ಲೆಸ್ ಪಾಲ್ ಪ್ರತಿರೂಪವನ್ನು. ಆ ನಾದ ಜಗತ್ತಿನಾದ್ಯಂತ ಮೆಚ್ಚುಗೆ ಪಡೆಯಿತು. 2010ರಲ್ಲಿ ಗಿಬ್ಸನ್ ಸಂಸ್ಥೆಯೇ ಆ ವಾದ್ಯವನ್ನು ಮಾದರಿಯಾಗಿಟ್ಟುಕೊಂಡು ಗಿಟಾರ್‌ಗಳನ್ನು ತಯಾರಿಸಿ ಮಾರಿತು. ಮೂಲದವರು ಪ್ರತಿರೂಪದ ಪ್ರತಿರೂಪವನ್ನು ಮಾಡಿದಂತಾಯಿತು! ಕಿವಿಯ ಮಟ್ಟಿಗೆ ಹೇಳುವುದಾದರೆ ಮೂಲ, ನಕಲು ಎಂಬ ಭೇದ ಅಲ್ಲಿಯೇ ಕರಗಿತು.

ಧರ್ಮದ ಮಟ್ಟಿಗೆ ಅದು ಅಷ್ಟು ಸುಲಭವಾಗಿ ಕರಗುವುದಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಕೊನೆಯದು ಪ್ರತಿರೂಪಕ ವ್ಯವಹಾರ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಕೃತ್ರಿಮವಾದ ಚಿನ್ನ ಮುಂತಾದವುಗಳಿಂದ ನಡೆಸುವ ವ್ಯವಹಾರವನ್ನು ಹೇಳುವಾಗ ಅದಕ್ಕೆ ವಂಚನೆಯನ್ನು ಜೋಡಿಸಿದ್ದಾರೆ. ಈ ಜೋಡಣೆ ಗಮನಾರ್ಹ. ದೋಷವು ಸಾದೃಶ್ಯದಲ್ಲಿಲ್ಲ, ವಂಚನೆಯಲ್ಲಿದೆ.

ಗಿಟಾರ್‌ನಲ್ಲಿ ವಂಚನೆಗೆ ಎಡೆಯಿರುವುದು ಮುಖ್ಯವಾಗಿ ತಂತಿಯ ಬಿರಡೆಗಳಿರುವ ತಲೆಯ ಭಾಗದಲ್ಲಿ. ತಯಾರಕನ ಹೆಸರು ಇರುವುದು ಅಲ್ಲಿಯೇ. 1977ರಲ್ಲಿ ಗಿಬ್ಸನ್ ಪರವಾಗಿ ಜಪಾನಿನ ಹೊಶಿನೊ ಸಂಸ್ಥೆಯ ಅಮೆರಿಕ ಶಾಖೆಯ ಮೇಲೆ ಹೂಡಿದ ಮೊಕದ್ದಮೆಯೂ ಆ ತಲೆಯ ಆಕಾರವನ್ನು ಕುರಿತದ್ದೇ ಆಗಿತ್ತು. ಕುಶಲಿಯೊಬ್ಬನು ಗ್ರಾಹಕನ ಇಚ್ಛೆಯಂತೆ ಅಲ್ಲಿ ಮೂಲಸಂಸ್ಥೆಯ ಹೆಸರನ್ನೇ ಕೂಡಿಸುತ್ತಾನೆ ಎಂದಿಟ್ಟುಕೊಳ್ಳೋಣ. “ಕೊಂಡವನಿಗೆ ಎಲ್ಲವೂ ತಿಳಿದಿದೆ, ಮೋಸವಾದುದು ಯಾರಿಗೆ?” ಎಂಬುದು ಅವನ ಸಮಾಧಾನ. ಆ ಮಾತು ಅಂದಿಗೆ ಸತ್ಯವೇ. ಆದರೆ ಒಳ್ಳೆಯ ವಾದ್ಯ ಮಾಡಿದವನಿಗಿಂತಲೂ ಕೊಂಡವನಿಗಿಂತಲೂ ಹೆಚ್ಚು ಕಾಲ ಬಾಳುತ್ತದೆ. ಕೊಂಡವನ ಮಗ ಅದನ್ನು ಮೂಲವೆಂದೇ ನಂಬಿ ಮಾರಬಹುದು. ಮೂರನೆಯವನು ತನ್ನ ಉಳಿತಾಯವನ್ನೆಲ್ಲ ಸುರಿದು ಕೊಳ್ಳಬಹುದು. ಆಗ ಸುಳ್ಳು ಹೇಳುವ ಮನುಷ್ಯ ಯಾರೂ ಇಲ್ಲ, ಹೇಳುತ್ತಿರುವುದು ವಸ್ತು. ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯಲ್ಲಿ ಕರ್ಮವನ್ನು ಎಣಿಸುವ ಪರಂಪರೆಯು ಹೆಸರು ಬರೆದವನನ್ನೂ ಬರೆಸಿದವನನ್ನೂ ಅಷ್ಟು ಬೇಗ ಬಿಟ್ಟುಕೊಡದು. ಹೊಸ ಲೋಹಬಿಂಬವನ್ನು ಮಣ್ಣಿನಲ್ಲಿ ಹೂತು, ಕಿಲುಬು ಹಿಡಿಸಿ, ಪ್ರಾಚೀನವೆಂದು ತರುವವರನ್ನು ಕಂಡಿರುವ ಬಸದಿಗಳ ಆಡಳಿತದವರಿಗೆ ಇದು ದೂರದ ಮಾತಲ್ಲ.

ಅನುಕರಣೆಯ ಮತ್ತೊಂದು ದಾರಿಯೂ ಈ ನಾಡಿನಲ್ಲಿಯೇ ಇದೆ. ಶ್ರವಣಬೆಳಗೊಳದ 58 ಅಡಿಯ ಗೊಮ್ಮಟನ ರೂಪವನ್ನೇ ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿ, ಕಾರ್ಕಳ, ವೇಣೂರುಗಳ ಶಿಲ್ಪಿಗಳು ಮತ್ತೆ ಕಲ್ಲಿನಲ್ಲಿ ಕಂಡರು. ಅದೇ ನಿಲುವು, ಅದೇ ಹಬ್ಬಿದ ಬಳ್ಳಿ. ಅವುಗಳನ್ನು ನಕಲೆಂದು ಯಾರೂ ಜರೆದಿಲ್ಲ. ಬೆಳಗೊಳದಲ್ಲಿ ಚಾವುಂಡರಾಯನ ಹೆಸರಿದೆ. ಕಾರ್ಕಳದ ಶಾಸನ ವೀರಪಾಂಡ್ಯನನ್ನೂ 1432ನೆಯ ಇಸವಿಗೆ ಸಲ್ಲುವ ಕಾಲವನ್ನೂ ಹೇಳುತ್ತದೆ. 1604ರ ವೇಣೂರಿನದು ತಿಮ್ಮರಾಜನನ್ನು. ರೂಪವನ್ನು ಹಿಂದಿನವರಿಂದ ಪಡೆದವರು ಹೆಸರನ್ನೂ ಕಾಲವನ್ನೂ ತಮ್ಮದಾಗಿಯೇ ಬರೆಸಿದರು.

ಗಿಟಾರಿನ ಕುಶಲಿಯೂ ತನ್ನ ಹೆಸರನ್ನು ಬರೆದಾನು. ಆದರೆ ಅದನ್ನು ಒಡಲಿನ ಹಿಂಭಾಗದ ಮುಚ್ಚಳದ ಒಳಗೆ, ತಿರುಪು ಬಿಚ್ಚಿದವನಿಗೆ ಮಾತ್ರ ಕಾಣುವಂತೆ ಬರೆದು, ಹೊರಗೆ ಬೇರೊಬ್ಬರ ಹೆಸರನ್ನು ಉಳಿಸಿದರೆ, ಅದನ್ನು ಸತ್ಯವೆನ್ನಬೇಕೋ ಸತ್ಯಕ್ಕೆ ಹೆದರಿದ ಕೌಶಲವೆನ್ನಬೇಕೋ? ಕಾರ್ಕಳದ ಶಾಸನವಂತೂ ಬೆಟ್ಟ ಹತ್ತಿ ಬಂದವರೆಲ್ಲರ ಕಣ್ಣಿಗೆ ಬೀಳುವಂತೆ ವಿಗ್ರಹದ ಬಳಿಯಲ್ಲೇ ಇದೆ.