ಎಣಿಸುವುದೋ, ಓದುವುದೋ?

ನಮ್ಮ ಸಂಘದ ಮನೆಗಳಲ್ಲಿ ಪಿಎಚ್‌ಡಿ ಮಾಡುತ್ತಿರುವ ಮಕ್ಕಳು ಈಗ ಸಾಕಷ್ಟಿದ್ದಾರೆ. ಏನು ಹುಡುಕುತ್ತಿದ್ದೀಯಪ್ಪಾ ಎಂದು ಕೇಳಿದರೆ, ಯಾವ ಜರ್ನಲ್ಲಿಗೆ ಕಳಿಸುತ್ತೇನೆ, ಅದರ ‘ಇಂಪ್ಯಾಕ್ಟ್ ಫ್ಯಾಕ್ಟರ್’ ಎಷ್ಟು ಎಂದು ಹೇಳುತ್ತಾರೆ!

ಈ ಲೆಕ್ಕ ಯೂಜಿನ್ ಗಾರ್ಫೀಲ್ಡ್ ಅವರದು. ಒಂದು ಜರ್ನಲ್ಲಿನಲ್ಲಿ ಹಿಂದಿನ ಎರಡು ವರ್ಷ ಬಂದ ಲೇಖನಗಳನ್ನು ಈ ವರ್ಷ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂದು ಎಣಿಸಿ, ಲೇಖನಗಳ ಸಂಖ್ಯೆಯಿಂದ ಭಾಗಿಸುವುದು, ಅಷ್ಟೆ. ಯಾವ ಜರ್ನಲ್ ತರಿಸಬೇಕೆಂದು ನೋಡುವ ಲೈಬ್ರರಿಯವರಿಗೆ ಉಪಯೋಗವೇ. ಆದರೆ ಬರಬರುತ್ತಾ ಅದೇ ತಕ್ಕಡಿಯಲ್ಲಿ ಮನುಷ್ಯರನ್ನೂ ತೂಗತೊಡಗಿದರು.

ಇದರ ಅಡಿಯಲ್ಲೊಂದು ನಂಬಿಕೆಯಿದೆ: ಉಲ್ಲೇಖವೆಂದರೆ ಮೆಚ್ಚುಗೆ. ಹೌದೇ? ಎಂಎಂಆರ್ ಲಸಿಕೆಗೂ ಆಟಿಸಂಗೂ ಗಂಟು ಹಾಕಿದ ವೇಕ್‌ಫೀಲ್ಡ್ ಲೇಖನ 1998ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು, 2010ರಲ್ಲಿ ಪತ್ರಿಕೆಯೇ ಅದನ್ನು ಹಿಂತೆಗೆದುಕೊಂಡಿತು. ಅದು ತಪ್ಪೆಂದು ತೋರಿಸಲು ಬರೆದವರೂ ಅದನ್ನು ಉಲ್ಲೇಖಿಸಲೇಬೇಕಲ್ಲ! ಲೆಕ್ಕದಲ್ಲಿ ಬೈಗುಳವೂ ಒಂದು, ಹೊಗಳಿಕೆಯೂ ಒಂದು.

ಬೆಲೆಯುಳ್ಳದ್ದು ಬೇಗ ಕಣ್ಣಿಗೆ ಬೀಳುತ್ತದೆ ಎಂಬುದು ಇನ್ನೊಂದು ನಂಬಿಕೆ. ಕ್ಯಾಟಲಿನ್ ಕರಿಕೊ ಅವರನ್ನು 1995ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಕೆಳಗಿನ ಹುದ್ದೆಗೆ ಇಳಿಸಿತು. ಅವರು ಹಿಡಿದ ಎಂಆರ್‌ಎನ್‌ಎ ಕೆಲಸದಿಂದಲೇ ಕೋವಿಡ್ ಲಸಿಕೆ ಸಾಧ್ಯವಾಯಿತು. ನೊಬೆಲ್ ಬಂದದ್ದು 2023ರಲ್ಲಿ.

ಥರ್ಮಾಮೀಟರ್ ಇಟ್ಟ ಮಾತ್ರಕ್ಕೆ ಜ್ವರ ಏರುವುದಿಲ್ಲ. ವಿಜ್ಞಾನಿಗಳ ವಿಷಯ ಹಾಗಲ್ಲ. ಅಳೆಯುತ್ತಾರೆಂದು ಗೊತ್ತಾದರೆ ಒಂದು ಅಧ್ಯಯನ ಮೂರು ಲೇಖನವಾಗುತ್ತದೆ, ಸ್ನೇಹಿತರು ಒಬ್ಬರನ್ನೊಬ್ಬರು ಉಲ್ಲೇಖಿಸಿಕೊಳ್ಳುತ್ತಾರೆ.

ಹಾಗೆಂದು ಸಂಖ್ಯೆಯನ್ನು ಪೂರ್ತಿ ಬಯ್ಯಲು ನನಗೆ ನಾಲಿಗೆ ಏಳುವುದಿಲ್ಲ. ಇಲ್ಲಿಯವರ ಬಾಯಲ್ಲಿ ಹೊರಳದ ಹೆಸರು ಹೊತ್ತು ಬಂದ ನಮ್ಮಂಥ ವೈದ್ಯರಿಗೆ ರೆಸಿಡೆನ್ಸಿ ಸಿಕ್ಕಿದ್ದು ಪರೀಕ್ಷೆಯ ಅಂಕಗಳ ಬಲದಿಂದ. ದೊಡ್ಡವರ ಪರಿಚಯವೇ ಅರ್ಹತೆಯಾಗಿದ್ದರೆ ಬಾಗಿಲಲ್ಲೇ ನಿಂತಿರುತ್ತಿದ್ದೆವು. ‘ಲೆಕ್ಕ ಬೇಡ, ಅನುಭವಸ್ಥರೇ ನಿರ್ಧರಿಸಲಿ’ ಎಂದು ಯಾರಾದರೂ ಅಂದರೆ, ಯಾವ ಅನುಭವಸ್ಥರು, ಯಾರ ಕಡೆಯವರು ಎಂದು ಮನಸ್ಸು ತಕ್ಷಣ ಕೇಳುತ್ತದೆ.

ಜರ್ನಲ್ಲಿನ ಸಂಖ್ಯೆಯಿಂದ ವಿಜ್ಞಾನಿಯನ್ನು ಅಳೆಯಬೇಡಿ, ಕೆಲಸವನ್ನೇ ನೋಡಿ ಎಂದು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ಸಂಪಾದಕರು, ಪ್ರಕಾಶಕರು ಒಂದು ಘೋಷಣೆ ರೂಪಿಸಿದರು. ಸರಿಯಾದ ಮಾತು. ಆದರೆ ಇನ್ನೂರು ಅರ್ಜಿ ಮುಂದಿಟ್ಟುಕೊಂಡ ಸಮಿತಿಗೆ ಓದಲು ಪುರಸೊತ್ತೆಲ್ಲಿ? ಅರ್ಜಿದಾರರೇ ಆರಿಸಿಕೊಟ್ಟ ಎರಡೇ ಲೇಖನ ತೆಗೆದುಕೊಂಡು, ಹೆಸರು ಮುಚ್ಚಿ, ಪೂರ್ತಿ ಓದಿದರೆ ಹೇಗೆ? ನಮ್ಮ ಸದಸ್ಯರಲ್ಲಿ ಇಂಥ ಸಮಿತಿಗಳಲ್ಲಿ ಕೂರುವವರು ಕೆಲವರಿದ್ದೀರಿ. ಇದು ನಡೆಯುವ ಮಾತೇ, ಮುಂದಿನ ಸಂಚಿಕೆಗೆ ನಾಲ್ಕು ಸಾಲು ಬರೆದು ತಿಳಿಸಿ.